ಮುಚ್ಚಿಹೋಗುವ ಮುನ್ನ ಬರೆದಿಡುವ ಕೆಲಸ

ಸಿವಿಲ್ ಎಂಜಿನಿಯರಿಂಗ್ ಓದುವ ಹುಡುಗ ಇಂಟರ್ನ್‌ಶಿಪ್‌ಗೆಂದು ಕಟ್ಟಡದ ಸೈಟಿಗೆ ಕಾಲಿಟ್ಟ ಮೊದಲ ದಿನ ಅವನಿಗೆ ಒಂದು ಹೆಲ್ಮೆಟ್ ಸಿಗುತ್ತದೆ, ಕೆಲಸ ಸಿಗುವುದಿಲ್ಲ. ಸೈಟ್ ಎಂಜಿನಿಯರ್‌ ಒಂದು ಫೋನ್ ಇಡುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಮೇಸ್ತ್ರಿ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಹೊಸ ಬಿಳಿ ಶೂ ಕಂಡು ಒಳಗೊಳಗೇ ನಕ್ಕು, "ನೆರಳಲ್ಲಿ ನಿಂತ್ಕೊಳಿ ಸಾರ್" ಅನ್ನುತ್ತಾನೆ. ಹಾಗೆ ನಿಂತವರಲ್ಲಿ ಎಷ್ಟೋ ಮಂದಿ ಇಂಟರ್ನ್‌ಶಿಪ್ ಮುಗಿಯುವವರೆಗೂ ಅದೇ ನೆರಳಲ್ಲಿ ಮೊಬೈಲ್ ನೋಡುತ್ತ ಕಾಲ ಕಳೆದು, ಸೀಲು ಹಾಕಿದ ಪತ್ರ ತೆಗೆದುಕೊಂಡು ಹೋಗುತ್ತಾರೆ.

ಅವರನ್ನೇ ಬೈಯುವುದು ನ್ಯಾಯವಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಕೊನೆಯ ವರ್ಷದ ಇಂಟರ್ನ್‌ಶಿಪ್ 14ರಿಂದ 20 ವಾರಗಳದ್ದು. ಹೆಚ್ಚುಕಡಿಮೆ ಒಂದು ಸೆಮಿಸ್ಟರ್. ಅಷ್ಟು ದಿನದಲ್ಲಿ ಒಂದು ಸಾಧಾರಣ ಮನೆ ಪಾಯ ದಾಟಿ, ಕಾಲಂ ಎದ್ದು, ಮೊದಲ ಮೋಲ್ಡ್ ಹಾಕಿಸಿಕೊಂಡು ನಿಂತಿರುತ್ತದೆ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಅವಧಿ ಸಿಗದು. ಆದರೆ ಆ ಅವಧಿಯಲ್ಲಿ ಹುಡುಗನಿಂದ ಏನು ಮಾಡಿಸಬೇಕೆಂದು ಕಾಲೇಜೂ ಹೇಳುವುದಿಲ್ಲ, ಗುತ್ತಿಗೆದಾರನೂ ಯೋಚಿಸಿರುವುದಿಲ್ಲ. ಈ ಖಾಲಿ ಜಾಗದಲ್ಲೇ ದುಡ್ಡು ಕೊಟ್ಟರೆ ಸೈಟಿನ ಮಣ್ಣು ಮೆಟ್ಟದೆಯೇ ಸರ್ಟಿಫಿಕೇಟ್ ಕೊಡುವ ಅಂಗಡಿಗಳು ಹುಟ್ಟಿಕೊಂಡಿವೆ. ಅವುಗಳ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ. ಅಂಥ ಪತ್ರ ಹಿಡಿದು ಸಂದರ್ಶನಕ್ಕೆ ಬಂದವರನ್ನು "ಕವರ್ ಬ್ಲಾಕ್ ಎಲ್ಲಿಡುತ್ತಾರೆ?" ಎಂದು ಕೇಳಿದರೆ ಸಾಕು, ಗೊತ್ತಾಗಿಬಿಡುತ್ತದೆ.

ಇನ್ನೂ ಡಿಗ್ರಿ ಮುಗಿಯದ, ಸಹಿ ಹಾಕುವ ಅಧಿಕಾರವಿಲ್ಲದ, ಕರಣೆ ಹಿಡಿಯಲೂ ಬಾರದ ವಿದ್ಯಾರ್ಥಿ ಸೈಟಿಗೆ ಏನು ಕೊಡಬಲ್ಲ? ಉತ್ತರ ಕಾಂಕ್ರೀಟಿನ ಸ್ವಭಾವದಲ್ಲೇ ಇದೆ. ಕಾಂಕ್ರೀಟ್ ಕಟ್ಟಡದಲ್ಲಿ ಮುಖ್ಯವಾದದ್ದೆಲ್ಲ ಮುಚ್ಚಿಹೋಗುತ್ತದೆ. ಬೆಳಗ್ಗೆ ಹತ್ತಕ್ಕೆ ಕಾಣುತ್ತಿದ್ದ ಕಂಬಿ ಹನ್ನೊಂದಕ್ಕೆ ಕಾಣುವುದಿಲ್ಲ. ಆಮೇಲೆ ಎಷ್ಟು ದೊಡ್ಡ ಎಂಜಿನಿಯರ್ ಬಂದು ನೋಡಿದರೂ ಒಳಗೆ ಎಷ್ಟು ಕಂಬಿ ಇದೆ, ರಿಂಗ್ ಎಷ್ಟು ದೂರಕ್ಕಿದೆ, ಸುರಿಯುವಾಗ ನೀರು ಎಷ್ಟು ಬಿಟ್ಟರು ಎಂದು ಕಣ್ಣಳತೆಯಲ್ಲಿ ಹೇಳಲಾರ. ಮುಚ್ಚುವ ಮುನ್ನ ಯಾರಾದರೂ ನೋಡಿ ಬರೆದಿಟ್ಟಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಸೈಟಿನಲ್ಲಿ ನೋಡುವವರು ಬೇಕಾದಷ್ಟು ಮಂದಿ, ಬರೆಯುವವರು ಕಡಿಮೆ. ಮೇಸ್ತ್ರಿಗೆ ಎಲ್ಲವೂ ನೆನಪಿನಲ್ಲೇ. ಎಂಜಿನಿಯರ್‌ಗೆ ನಾಲ್ಕು ಸೈಟು, ಪುರುಸೊತ್ತಿಲ್ಲ. ಪುರುಸೊತ್ತು, ಪುಸ್ತಕ ಎರಡೂ ಇರುವವನು ಇಂಟರ್ನ್ ಒಬ್ಬನೇ.

ಕಾಲಂ ಒಂದನ್ನೇ ತೆಗೆದುಕೊಳ್ಳಿ. ಡ್ರಾಯಿಂಗ್‌ನಲ್ಲಿ 230 × 450 ಎಂದಿದೆ, 16 ಮಿ.ಮೀ.ನ ಎಂಟು ಕಂಬಿ, 8 ಮಿ.ಮೀ.ನ ರಿಂಗ್ 150 ಮಿ.ಮೀ. ಅಂತರಕ್ಕೆ. ಕ್ಲಾಸಿನಲ್ಲಿ ಇದು ಒಂದು ಸಾಲಿನ ಮಾತು. ಸೈಟಿನಲ್ಲಿ ಟೇಪು ಹಿಡಿದು ಬುಡದಿಂದ ತುದಿಯವರೆಗೆ ಅಳೆದು ನೋಡಿದರೆ ಕಣ್ಣಿಗೆ ಕಾಣುವ ಎತ್ತರದಲ್ಲಿ ರಿಂಗ್‌ಗಳು ಶಿಸ್ತಾಗಿರುತ್ತವೆ, ಕೈ ಎಟುಕದ ತುದಿಯಲ್ಲಿ ದೂರದೂರ ಹೋಗಿರುತ್ತವೆ. ರಿಂಗಿನ ಕೊಕ್ಕೆ 135 ಡಿಗ್ರಿ ಒಳಕ್ಕೆ ಬಾಗಿ ಕಾಂಕ್ರೀಟಿನ ಹೊಟ್ಟೆಯೊಳಗೆ ಸೇರಿಕೊಂಡಿರಬೇಕು ಎಂದು ಭೂಕಂಪ ನಿರೋಧಕ ಕಟ್ಟಡಗಳ ಮಾನದಂಡ ಹೇಳುತ್ತದೆ. ಬಗ್ಗಿಸುವವನಿಗೆ 90 ಡಿಗ್ರಿ ಸುಲಭ, ಹೀಗಾಗಿ ಬಹಳ ಕಡೆ ಕಾಣುವುದು ಅದೇ. ಕಾಲಂ ಭಾರಕ್ಕೆ ಉಬ್ಬಿದಾಗ 90ರ ಕೊಕ್ಕೆ ಬಿಚ್ಚಿಕೊಳ್ಳುತ್ತದೆ, 135ರದ್ದು ಹಿಡಿದುಕೊಳ್ಳುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಶಟರಿಂಗ್ ಶೀಟು ಮುಚ್ಚಿದ ಮೇಲೆ ಯಾರಿಗೂ ಕಾಣದು.

ಇನ್ನು ಕವರ್. ಕಂಬಿಗೂ ಕಾಂಕ್ರೀಟಿನ ಹೊರಮೈಗೂ ನಡುವೆ ಇರಬೇಕಾದ ದಪ್ಪ. ಆ ಅಂತರ ಉಳಿಯಲೆಂದು ಕಂಬಿಗೆ ಆನಿಸಿಡುವುದೇ ಕವರ್ ಬ್ಲಾಕ್. ಕಾಂಕ್ರೀಟಿನ ಮಾನದಂಡ ಐಎಸ್ 456 ಪ್ರಕಾರ ಕಾಲಂಗೆ ಸಾಮಾನ್ಯವಾಗಿ 40 ಮಿ.ಮೀ., ಪಾಯದ ಫುಟಿಂಗ್‌ಗೆ 50, ಒಳನಾಡಿನ ಮನೆಯ ಮೋಲ್ಡ್‌ಗೆ 20. ಅದೇ ಮಂಗಳೂರು, ಕಾರವಾರದ ಕಡೆ ಕಡಲ ಗಾಳಿಗೆ ಮೈಯೊಡ್ಡಿದ ಕಟ್ಟಡವಾದರೆ 45. ತೇವ, ಉಪ್ಪು ಒಳಗಿಳಿದು ಕಂಬಿಗೆ ತುಕ್ಕು ಹಿಡಿದರೆ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಒಡೆದು ಹೊರಬರುತ್ತದೆ. ಹಳೆಯ ಮನೆಗಳ ಸಜ್ಜದ ಕೆಳಗೆ ಸಿಪ್ಪೆ ಎದ್ದು ಕಂಬಿ ಕಾಣುವುದನ್ನು ಯಾರು ನೋಡಿಲ್ಲ? ಅದಕ್ಕೆ ಬಹಳ ಸಲ ಕಾರಣ ಸಿಮೆಂಟ್ ಅಲ್ಲ, ಕವರ್ ಬ್ಲಾಕಿನ ಜಾಗದಲ್ಲಿ ತುರುಕಿದ ಒಂದು ಜಲ್ಲಿ ಚೂರು. ಮೋಲ್ಡ್‌ ಹಾಕುವ ಮುನ್ನ ಬಗ್ಗಿ, ಕಂಬಿಯ ಕೆಳಗೆ ಕೈಯಾಡಿಸಿ, ಎಲ್ಲೆಲ್ಲಿ ಬ್ಲಾಕ್ ಜಾರಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುವುದಕ್ಕೆ ಡಿಗ್ರಿ ಬೇಕಿಲ್ಲ. ಬಗ್ಗುವ ಬೆನ್ನು ಬೇಕು.

ಕಂಡದ್ದನ್ನು ಹೇಳುವ ರೀತಿಯೂ ಒಂದು ಪಾಠವೇ. ಇಪ್ಪತ್ತೊಂದು ವರ್ಷದ ಹುಡುಗ ಮೂವತ್ತು ವರ್ಷ ಕಂಬಿ ಕಟ್ಟಿದವನಿಗೆ ಎಲ್ಲರ ಎದುರು "ಇದು ತಪ್ಪು" ಅಂದರೆ ಅವತ್ತಿಗೆ ಅವನ ಕಲಿಕೆ ಮುಗಿಯಿತು. ಕೇಳುವ ದಾರಿ ಬೇರೆ.

"ಮೇಸ್ತ್ರಿ, ಬುಡದಲ್ಲಿ ರಿಂಗ್ ಎಷ್ಟಕ್ಕೆ ಕಟ್ಟಿದೀರಿ?"

"ಆರಿಂಚು ಸಾರ್, ಮೇಲಿಂದ ಕೆಳಗ್ಗೂ ಆರೇ."

"ಈ ಹಾಳೇಲಿ ಬುಡಕ್ಕೆ ನಾಲ್ಕು ಅಂತಿದೆ. ಯಾಕಿರಬಹುದು?"

ಮೇಸ್ತ್ರಿ ಹಾಳೆ ಇಸಿದುಕೊಂಡು, ತನ್ನ ಜೇಬಿನಿಂದ ಮಡಿಕೆ ಸವೆದ ಇನ್ನೊಂದು ಹಾಳೆ ತೆಗೆದು ಪಕ್ಕದಲ್ಲಿಟ್ಟು ನೋಡುತ್ತಾನೆ. ಎರಡೂ ಒಂದೇ ಕಾಲಂನ ಡ್ರಾಯಿಂಗ್, ಆದರೆ ಮೂಲೆಯಲ್ಲಿನ ರಿವಿಷನ್ ನಂಬರ್ ಬೇರೆ. ಆಫೀಸಿನಿಂದ ಬದಲಾದ ಪ್ರತಿ ವಾಟ್ಸಾಪ್‌ನಲ್ಲಿ ಬಂದಿದೆ, ಜೇಬಿಗೆ ಬಂದಿಲ್ಲ. ಇಂಥ ತಪ್ಪು ಯಾರ ಅಜ್ಞಾನದಿಂದಲೂ ಆಗುವುದಲ್ಲ, ಕಾಗದ ಕೈಬದಲಾಗುವಾಗ ಆಗುವಂಥದ್ದು. ಹಳೆಯ ಹಾಳೆಗಳನ್ನೆಲ್ಲ ವಾಪಸು ಪಡೆದು, ಈಗ ಚಾಲ್ತಿಯಲ್ಲಿರುವುದು ಯಾವುದು ಎಂದು ಒಂದು ಪಟ್ಟಿ ಮಾಡಿ ಸೈಟ್ ಆಫೀಸಿನ ಗೋಡೆಗೆ ಅಂಟಿಸುವ ಇಂಟರ್ನ್ ಅವನ ಊಟದ ಖರ್ಚಿನ ಎಷ್ಟೋ ಪಟ್ಟು ಸೈಟಿಗೆ ಉಳಿಸಿಕೊಡುತ್ತಾನೆ. ಆರ್ಕಿಟೆಕ್ಟ್ ಕೊಟ್ಟ ನಕ್ಷೆ, ಸ್ಟ್ರಕ್ಚರಲ್ ಎಂಜಿನಿಯರ್ ಕೊಟ್ಟ ನಕ್ಷೆ ಎರಡನ್ನೂ ಎದುರುಬದುರು ಇಟ್ಟು ಕೂತರೆ ಇನ್ನೂ ಸಿಗುತ್ತವೆ. ಬಚ್ಚಲುಮನೆಗೆ ಮೋಲ್ಡ್ ತಗ್ಗಿಸಬೇಕಾದದ್ದು ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ. ಪೈಪ್ ಹೋಗಬೇಕಾದ ಜಾಗಕ್ಕೆ ಸರಿಯಾಗಿ ಬೀಮ್ ಬಂದು ಕೂತಿದೆ. ಆ ಪಟ್ಟಿಯನ್ನು ಎಂಜಿನಿಯರ್ ಕೈಗೆ ಕೊಡಬೇಕೇ ಹೊರತು ತಾನೇ ತೀರ್ಮಾನ ಹೇಳಬಾರದು. ಕಂಡದ್ದನ್ನು ಹೇಳುವುದು ಇಂಟರ್ನ್‌ ಕೆಲಸ, ಒಪ್ಪಿಗೆ ಕೊಡುವುದು ಸಹಿ ಹಾಕುವವರ ಕೆಲಸ.

ಮೇಸ್ತ್ರಿಯಿಂದ ಕಲಿಯುವುದಂತೂ ಪುಸ್ತಕದಲ್ಲಿ ಹುಡುಕಿದರೂ ಸಿಗದು. ಪಾಯ ಗುರುತು ಹಾಕುವಾಗ ಮೂಲೆ ನೇರವಿದೆಯೇ ಎಂದು ನೋಡಲು ಅವನು ಒಂದು ಬದಿಗೆ ಮೂರಡಿ, ಇನ್ನೊಂದು ಬದಿಗೆ ನಾಲ್ಕಡಿ ಗುರುತಿಸಿ ಅಡ್ಡಕ್ಕೆ ಟೇಪು ಎಳೆಯುತ್ತಾನೆ. ಐದಡಿ ಬಂದರೆ ಮೂಲೆ ಸರಿ. ಹೈಸ್ಕೂಲಿನಲ್ಲಿ ಕರ್ಣದ ವರ್ಗ ಎಂದು ಬಾಯಿಪಾಠ ಮಾಡಿದವನು ಪೈಥಾಗೊರಸನನ್ನು ಮೊದಲ ಸಲ ಎದುರಾಬದುರು ನೋಡುವುದು ಇಲ್ಲಿ. ಒಂದು ಪಾರದರ್ಶಕ ಪೈಪಿಗೆ ನೀರು ತುಂಬಿ ಮನೆಯ ಈ ತುದಿಯಿಂದ ಆ ತುದಿಗೆ ಮಟ್ಟ ಸಾಗಿಸುವಾಗ ಒಳಗೆ ಒಂದೇ ಒಂದು ಗಾಳಿಗುಳ್ಳೆ ಇದ್ದರೂ ಲೆಕ್ಕ ಕೆಡುತ್ತದೆ. ಅದಕ್ಕೆ ಮೇಸ್ತ್ರಿ ಮೊದಲು ಪೈಪಿನ ಎರಡೂ ಬಾಯಿ ಜೋಡಿಸಿ ನೀರು ಸಮ ನಿಲ್ಲುತ್ತದೆಯೇ ಎಂದು ನೋಡುತ್ತಾನೆ. ಉಪಕರಣವನ್ನು ನಂಬುವ ಮುನ್ನ ಪರೀಕ್ಷಿಸುವ ಈ ಕ್ರಮವನ್ನು ಸರ್ವೇ ಲ್ಯಾಬಿನಲ್ಲೂ ಹೇಳಿಕೊಟ್ಟಿರುತ್ತಾರೆ, ಆದರೆ ಅಲ್ಲಿ ಅದು ಮಾರ್ಕಿಗಾಗಿ. ಇಟ್ಟಿಗೆ ಎರಡು ತೆಗೆದು ಒಂದಕ್ಕೊಂದು ತಟ್ಟಿ ಟಣ್ಣೆಂದರೆ ಸುಟ್ಟಿದೆ ಅನ್ನುತ್ತಾನೆ. ಎಂ-ಸ್ಯಾಂಡ್ ಹಿಡಿಯಷ್ಟು ತೆಗೆದು ಉಜ್ಜಿ ಅಂಗೈಗೆ ಅಂಟಿದ ಪುಡಿ ನೋಡಿ ಲೋಡು ವಾಪಸು ಕಳಿಸಬೇಕೋ ಬೇಡವೋ ಹೇಳುತ್ತಾನೆ. ಇವೆಲ್ಲ ಪ್ರಯೋಗಾಲಯದ ಪರೀಕ್ಷೆಗೆ ಬದಲಿಯಲ್ಲ. ಯಾವ ಲೋಡನ್ನು ಪ್ರಯೋಗಾಲಯಕ್ಕೆ ಕಳಿಸಬೇಕೆಂದು ಮಾತ್ರ ಇವು ಚೆನ್ನಾಗಿ ಹೇಳುತ್ತವೆ.

ಮೋಲ್ಡ್ ಹಾಕುವ ದಿನ ಇಂಟರ್ನ್‌ನ ನಿಜವಾದ ಪರೀಕ್ಷೆ. ಹಿಂದಿನ ದಿನವೇ ಅವನು ಮಾಡಬಹುದಾದ ಒಂದು ಲೆಕ್ಕವಿದೆ. 12 ಮೀಟರ್ ಉದ್ದ, 9 ಮೀಟರ್ ಅಗಲ, 150 ಮಿ.ಮೀ. ದಪ್ಪದ ಸ್ಲ್ಯಾಬ್ ಅಂದರೆ 16.2 ಘನ ಮೀಟರ್. ಸ್ಲ್ಯಾಬಿನ ಕೆಳಗೆ 300 ಮಿ.ಮೀ. ಇಳಿಯುವ, 230 ಮಿ.ಮೀ. ಅಗಲದ ಬೀಮ್‌ಗಳು ಒಟ್ಟು 60 ಮೀಟರ್ ಇದ್ದರೆ ಇನ್ನೂ 4.14. ಒಟ್ಟು 20.34. ಚೆಲ್ಲುವುದು, ಪಂಪಿನಲ್ಲಿ ಉಳಿಯುವುದು ಅಂತ ಶೇ 3 ಸೇರಿಸಿದರೆ 21. ಆರು ಘನ ಮೀಟರಿನ ಮೂರು ಗಾಡಿ, ನಾಲ್ಕನೆಯದಾಗಿ ಮೂರು ಘನ ಮೀಟರಿನದೊಂದು. ಮೂರೇ ಗಾಡಿ ಸಾಕು ಎಂದು ಅಂದಾಜಿಗೆ ಹೇಳಿದ್ದರೆ ಸಂಜೆ ಸ್ಲ್ಯಾಬಿನ ಒಂದು ಮೂಲೆ ಬರಿಗಂಬಿಯಾಗಿ ನಿಂತಿರುತ್ತದೆ, ನಾಲ್ಕನೇ ಗಾಡಿಗೆ ಫೋನ್ ಮಾಡಿದರೆ ಅದು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿರುತ್ತದೆ. ಅಷ್ಟರಲ್ಲಿ ಮೊದಲು ಸುರಿದದ್ದು ಗಟ್ಟಿಯಾಗಿ, ಹೊಸದು ಅದಕ್ಕೆ ಬೆಸೆದುಕೊಳ್ಳದೆ, ಮುಂದಿನ ಮಳೆಗಾಲದಲ್ಲಿ ಸರಿಯಾಗಿ ಅದೇ ಗೆರೆಯಲ್ಲಿ ನೀರು ಜಿನುಗುತ್ತದೆ. ಈ ಲೆಕ್ಕಕ್ಕೆ ಏಳನೇ ಕ್ಲಾಸಿನ ಗಣಿತ ಸಾಕು. ಆದರೂ ಎಷ್ಟೋ ಸೈಟುಗಳಲ್ಲಿ ಮಾಡುವವರಿರುವುದಿಲ್ಲ.

ಗಾಡಿ ಬಂದ ಮೇಲೆ ನೋಡಬೇಕಾದದ್ದು ಚಲನ್. ಅದರಲ್ಲಿ ಪ್ಲಾಂಟಿನಲ್ಲಿ ಮಾಲು ತುಂಬಿದ ಸಮಯವಿರುತ್ತದೆ. ತುಂಬಿದ ಎರಡು ತಾಸಿನೊಳಗೆ ಸುರಿದು ಮುಗಿಸಬೇಕೆಂದು ರೆಡಿಮಿಕ್ಸ್ ಕಾಂಕ್ರೀಟಿನ ಮಾನದಂಡ ಹೇಳುತ್ತದೆ. ತುಂಬಿದ್ದು ಎಷ್ಟಕ್ಕೆ, ಗೇಟಿಗೆ ಬಂದದ್ದು ಎಷ್ಟಕ್ಕೆ, ಸುರಿಯಲು ಶುರು ಎಷ್ಟಕ್ಕೆ, ಮುಗಿದದ್ದು ಎಷ್ಟಕ್ಕೆ, ಯಾವ ಗಾಡಿಯ ಮಾಲು ಸ್ಲ್ಯಾಬಿನ ಯಾವ ಭಾಗಕ್ಕೆ ಬಿತ್ತು — ಇಷ್ಟನ್ನು ಒಂದು ಕೈನಕ್ಷೆಯ ಜೊತೆ ಬರೆದಿಟ್ಟರೆ ಮುಂದೆ ಎಂದೋ ಒಂದು ಮೂಲೆಯಲ್ಲಿ ಬಿರುಕು ಬಿಟ್ಟಾಗ ಹುಡುಕುವವನಿಗೆ ದಾರಿ ಸಿಗುತ್ತದೆ. ಮಧ್ಯೆ ಯಾರೋ ಒಬ್ಬ "ಗಟ್ಟಿ ಐತೆ, ನೀರ್ ಬಿಡ್ರೋ" ಎಂದು ಕೂಗುವುದು ಖಂಡಿತ. ಕೂಗುವವನ ಕಷ್ಟ ನಿಜ. ಗಟ್ಟಿ ಮಾಲನ್ನು ಎಳೆಯುವವನು ಅವನೇ. ಆದರೆ ಹಾಗೆ ಬಿಟ್ಟ ನೀರು ಸಿಮೆಂಟಿನ ಜೊತೆ ಸೇರಿಕೊಳ್ಳದೆ ಆಮೇಲೆ ಆವಿಯಾಗಿ, ಒಳಗೆ ಕಣ್ಣಿಗೆ ಕಾಣದ ತೂತು ಉಳಿಸಿ ಹೋಗುತ್ತದೆ. 300 ಮಿ.ಮೀ. ಎತ್ತರದ ಸ್ಲಂಪ್ ಕೋನ್ ಒಂದು ಸೈಟಿನಲ್ಲಿದ್ದರೆ ಗಾಡಿ ಬಂದ ಕೂಡಲೇ ತುಂಬಿ, ಕೋನ್ ಎತ್ತಿ, ಎಷ್ಟು ಕುಸಿಯಿತು ಎಂದು ಅಳೆದು ಜಗಳ ಬಗೆಹರಿಸಬಹುದು. ಆರ್ಡರ್ ಮಾಡಿದಷ್ಟು ಕುಸಿತವಿಲ್ಲದಿದ್ದರೆ ಅದಕ್ಕೆ ಮದ್ದು ಪ್ಲಾಂಟಿನವರು ತರುವ ಅಡ್ಮಿಕ್ಸ್ಚರ್, ಪೈಪಿನ ನೀರಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಇಂಟರ್ನ್‌ಗೇ ಸೇರಬೇಕಾದ ಕೆಲಸ ಕ್ಯೂಬ್ ಹಾಕುವುದು. 150 ಮಿ.ಮೀ. ಚೌಕದ ಕಬ್ಬಿಣದ ಅಚ್ಚು, ಒಳಗೆ ಎಣ್ಣೆ ಸವರಿ, ಗಾಡಿಯ ನಡುಭಾಗದ ಮಾಲನ್ನು ಮೂರು ಪದರವಾಗಿ ತುಂಬಿ, ಪ್ರತಿ ಪದರಕ್ಕೂ ಸರಳಿನಿಂದ 35 ಸಲ ಕುಟ್ಟಬೇಕು. ನೋಡಲು ಮಕ್ಕಳಾಟ. ಎರಡನೇ ಪದರಕ್ಕೆ ಬರುವಷ್ಟರಲ್ಲಿ ಎಣಿಕೆ ತಪ್ಪುತ್ತದೆ, ಮೂರನೆಯದಕ್ಕೆ ಕೈ ಸೋಲುತ್ತದೆ, ಅಷ್ಟರಲ್ಲಿ ಮುಂದಿನ ಗಾಡಿ ಹಾರ್ನ್ ಹೊಡೆಯುತ್ತದೆ. ಮರುದಿನ ಅಚ್ಚು ಬಿಚ್ಚಿ, ತಾರೀಖು, ಕಾಂಕ್ರೀಟಿನ ದರ್ಜೆ, ಸ್ಲ್ಯಾಬಿನ ಭಾಗ ಬರೆದು ನೀರಿನ ತೊಟ್ಟಿಗೆ ಇಳಿಸಬೇಕು. ಮೇಲೆ ಹೇಳಿದ 21 ಘನ ಮೀಟರಿಗೆ ಐಎಸ್ 456 ಕೇಳುವುದು ಮೂರು ಸ್ಯಾಂಪಲ್. ಒಂದೊಂದಕ್ಕೆ ಮೂರು ಕ್ಯೂಬ್, ಒಟ್ಟು ಒಂಬತ್ತು. ಏಳನೇ ದಿನಕ್ಕೂ ಒಡೆದು ನೋಡಬೇಕೆಂದರೆ ಇನ್ನಷ್ಟು. 28ನೇ ದಿನ ಅವುಗಳನ್ನು ಯಂತ್ರದಲ್ಲಿಟ್ಟು ಒಡೆಯುತ್ತಾರೆ. ಎಂ25, ಅಂದರೆ ಚದರ ಮಿ.ಮೀ.ಗೆ 25 ನ್ಯೂಟನ್ ತಾಳಬೇಕಾದ ಕಾಂಕ್ರೀಟಾದರೆ 22,500 ಚದರ ಮಿ.ಮೀ.ನ ಆ ಮುಖ 562.5 ಕಿಲೋನ್ಯೂಟನ್, ಅಂದರೆ ಸುಮಾರು 57 ಟನ್ ಭಾರ ತಾಳಬೇಕು. ಪುಸ್ತಕದಲ್ಲಿ ಓದಿದ 25 ಎಂಬ ಅಂಕಿ ತಾನೇ ಕುಟ್ಟಿದ ಕಲ್ಲು ಸಿಡಿಯುವ ಸದ್ದಾಗಿ ಕೇಳುವಾಗ ವಿದ್ಯಾರ್ಥಿಯ ಮುಖ ನೋಡಬೇಕು.

ಒಂದೇ ಸ್ಯಾಂಪಲ್‌ನ ಮೂರು ಕ್ಯೂಬ್‌ಗಳ ಫಲಿತಾಂಶ ಸರಾಸರಿಗಿಂತ ಶೇ 15ರಷ್ಟು ಆಚೀಚೆ ಹೋಗಿದ್ದರೆ ಆ ಸ್ಯಾಂಪಲ್‌ ಅನ್ನೇ ಒಪ್ಪುವಂತಿಲ್ಲ. ಆಗ ಅನುಮಾನ ಕಾಂಕ್ರೀಟಿನ ಮೇಲಷ್ಟೇ ಅಲ್ಲ, ಕುಟ್ಟಿದವನ ಮೇಲೂ ಬರುತ್ತದೆ. ತನ್ನ ಕೈಯ ಅಶ್ರದ್ಧೆ ಅಂಕಿಯಾಗಿ ಕಾಣುವ ಅನುಭವ ಕಾಲೇಜಿನ ಲ್ಯಾಬಿನಲ್ಲಿ ಅಪರೂಪ, ಅಲ್ಲಿ ಸೀನಿಯರ್‌ನ ರೆಕಾರ್ಡ್ ಬುಕ್ ಇರುತ್ತದೆ. ಇಲ್ಲೊಂದು ಎಚ್ಚರಿಕೆ. ಕ್ಯೂಬ್‌ಗೆಂದೇ ಒಂದು ಬಾಂಡ್ಲಿ ಮಾಲಿಗೆ ಎರಡು ಮಗ್ ಸಿಮೆಂಟ್ ಜಾಸ್ತಿ ಬೆರೆಸಿ "ಪಾಸ್" ಮಾಡಿಸುವ ಚಾಳಿ ಕೆಲವು ಕಡೆ ಇದೆ. ಇಂಟರ್ನ್‌ಗೆ ಅದನ್ನು ತಡೆಯುವ ಶಕ್ತಿ ಇಲ್ಲದಿರಬಹುದು. ಆದರೆ ಆ ಕ್ಯೂಬಿನ ಮೇಲೆ ತನ್ನ ಕೈಯಿಂದ ನಂಬರ್ ಬರೆಯದಿರುವ ಶಕ್ತಿ ಇದ್ದೇ ಇದೆ.

ಕ್ಯೂರಿಂಗ್ ವಿಷಯಕ್ಕೆ ಬಂದರೆ ಎಲ್ಲರೂ ವೇದಾಂತಿಗಳೇ, ನೀರು ಹಾಕುವವರಿಲ್ಲ. ಸಾದಾ ಸಿಮೆಂಟಿಗೆ ಕನಿಷ್ಠ ಏಳು ದಿನ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ ಕನಿಷ್ಠ ಹತ್ತು ದಿನ, ಬಿಸಿಲು ಕಾದ ಒಣ ಹವೆಯಲ್ಲಿ ಇನ್ನೂ ಹೆಚ್ಚು ದಿನ ಮೈ ಒದ್ದೆ ಇರಬೇಕು. ಮನೆ ಕಟ್ಟುವ ಬಹುತೇಕ ಸೈಟುಗಳಿಗೆ ಬರುವುದು ಪಿಪಿಸಿ ಚೀಲ, ಎಣಿಸುವುದು ಹಳೆಯ ಏಳರ ಲೆಕ್ಕ. ಪ್ರತಿ ಕಾಲಂ ಮೇಲೆ ಸುರಿದ ತಾರೀಖನ್ನೂ ನೀರು ನಿಲ್ಲಿಸಬಹುದಾದ ತಾರೀಖನ್ನೂ ಬಣ್ಣದಲ್ಲಿ ಬರೆಯುವುದು ಕಾಲು ಗಂಟೆಯ ಕೆಲಸ. ಬರೆದ ಮೇಲೆ ನೀರು ಹಾಕುವ ಹೆಂಗಸಿಗೂ ಗೊತ್ತು, ಮಾಲೀಕನಿಗೂ ಗೊತ್ತು, ವಾದವಿಲ್ಲ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಸೈಟುಗಳು ಸಂಸ್ಕರಿಸಿದ ನೀರಿನ ಟ್ಯಾಂಕರಿನತ್ತ ತಿರುಗಿದವು. ಆ ನೀರಿನ ಆಮ್ಲೀಯತೆ, ಲವಣ ಪರೀಕ್ಷಿಸಿದ ವರದಿ ಕೇಳುವುದು, ಟ್ಯಾಂಕರಿನ ಲೆಕ್ಕ ಇಡುವುದು, ಗೋಣಿತಾಟು ಹೊದಿಸಿ ನೀರು ಉಳಿಸುವುದು — ಓದಿದವನ ತಲೆ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ಮೋಲ್ಡಿನ ಕೆಳಗಿನ ಆನಿಕೆ ತೆಗೆಯುವ ದಿನದ್ದೂ ಇದೇ ಕಥೆ. ಸಾದಾ ಸಿಮೆಂಟಿನ ಲೆಕ್ಕದಲ್ಲಿ ಸ್ಲ್ಯಾಬಿನ ಅಂಕಣ 4.5 ಮೀಟರ್‌ವರೆಗೆ ಇದ್ದರೆ 7 ದಿನ, ಅದಕ್ಕೂ ಹೆಚ್ಚಿದ್ದರೆ 14. ಬೀಮ್ 6 ಮೀಟರ್ ದಾಟಿದ್ದರೆ 21. ಜಾಕು, ಶೀಟು ದಿನಬಾಡಿಗೆಯವು, ಬೇಗ ಬಿಚ್ಚಿದಷ್ಟೂ ಸೆಂಟ್ರಿಂಗ್‌ನವನಿಗೆ ಲಾಭ. ಅವನ ಲಾಭಕ್ಕೂ ಮಾನದಂಡಕ್ಕೂ ನಡುವೆ ನಿಲ್ಲುವುದು ಬಣ್ಣದಲ್ಲಿ ಬರೆದಿಟ್ಟ ತಾರೀಖು ಒಂದೇ.

ಹಣದ ಲೆಕ್ಕವನ್ನೂ ಕಲಿಯಬೇಕು. ಕಾಲೇಜು ಕಲಿಸುವ ಎಸ್ಟಿಮೇಷನ್ ಒಂದು, ಬಿಲ್ಲಿನ ಮುಂದೆ ಕೂತು ಗುತ್ತಿಗೆದಾರನ ಜೊತೆ ಚೌಕಾಸಿ ಮಾಡುವುದು ಇನ್ನೊಂದು. ಗಾರೆ ಅಳೆಯುವಾಗ ಅರ್ಧ ಚದರ ಮೀಟರ್‌ವರೆಗಿನ ಕಿಂಡಿಯನ್ನು ಕಳೆಯುವುದಿಲ್ಲ ಎಂಬ ನಿಯಮ ಗೊತ್ತಿಲ್ಲದೆ ಬಚ್ಚಲ ವೆಂಟಿಲೇಟರ್‌ಗೆ ಅರ್ಧ ದಿನ ಜಗಳವಾಡಿದವರಿದ್ದಾರೆ. ಕಂಬಿಯ ಲೋಡು ಬಂದಾಗ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂದು ಸಿಗುತ್ತದೆ. 12 ಮಿ.ಮೀ. ಕಂಬಿ ಮೀಟರಿಗೆ 0.889, ಹನ್ನೆರಡು ಮೀಟರಿನ ಒಂದು ಸರಳು 10.67 ಕೆ.ಜಿ. ಆ ಗಾತ್ರಕ್ಕೆ ಶೇ 5ರಷ್ಟು ಹೆಚ್ಚುಕಡಿಮೆಯನ್ನು ಮಾನದಂಡ ಒಪ್ಪುತ್ತದೆ, ಅದಕ್ಕಿಂತ ಹಗುರವಾದರೆ ಕೇಳಲೇಬೇಕು. ಸರಳು ಎಣಿಸಿ, ಗುಣಿಸಿ, ವೇಬ್ರಿಡ್ಜಿನ ಚೀಟಿಯ ಪಕ್ಕದಲ್ಲಿಟ್ಟು ನೋಡುವುದು ಇಂಟರ್ನ್‌ಗೆ ಹೇಳಿ ಮಾಡಿಸಿದ ಕೆಲಸ. ಈ ಮಾನದಂಡಗಳನ್ನು ಭಾರತೀಯ ಮಾನಕ ಬ್ಯೂರೋ ಈಗ ಪುಕ್ಕಟೆ ಇಳಿಸಿಕೊಳ್ಳಲು ಬಿಟ್ಟಿದೆ, ಮೊಬೈಲ್‌ನಲ್ಲೇ ಇಟ್ಟುಕೊಳ್ಳಬಹುದು.

ಕಾಲೇಜಿನ ವರದಿಯಲ್ಲಿ ಎಂದೂ ಕಾಣಿಸದ ಇನ್ನೊಂದು ಪುಸ್ತಕ ಹಾಜರಿ ಪುಸ್ತಕ. ಬೆಂಗಳೂರಿನ ಸೈಟುಗಳಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರಿದ್ದಾರೆ, ಬಂಗಾಳ, ಒಡಿಶಾ, ಬಿಹಾರದವರಿದ್ದಾರೆ. ಕಾನೂನಿನ ಪ್ರಕಾರ ಕಟ್ಟಡ ಕಾರ್ಮಿಕರಲ್ಲಿ 18ರಿಂದ 60 ವರ್ಷದೊಳಗಿನವರು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಆ ಮಂಡಳಿಗೆ ದುಡ್ಡು ಬರುವುದು ಕಟ್ಟಡದ ವೆಚ್ಚದ ಮೇಲೆ ವಸೂಲಾಗುವ ಶೇ 1ರ ಸೆಸ್‌ನಿಂದ. ತೊಂದರೆ ಇರುವುದು 90 ದಿನದ ಪುರಾವೆಯಲ್ಲಿ. ನಿಜವಾಗಿ ಕಲ್ಲು ಹೊತ್ತವಳ ಹತ್ತಿರ ಕಾಗದವಿಲ್ಲ, ಸೈಟು ನೋಡದವನ ಹತ್ತಿರ ಕಾರ್ಡ್ ಇದೆ. ನಕಲಿ ಕಾರ್ಡ್‌ಗಳ ಗಲಾಟೆ ನಮ್ಮ ರಾಜ್ಯದಲ್ಲಿ ಸಾಕಷ್ಟು ಆಗಿದೆ. ದಿನವೂ ಹೆಸರು ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿದ ಪುಸ್ತಕ ಒಂದಿದ್ದರೆ ಗುತ್ತಿಗೆದಾರ ಪ್ರಮಾಣಪತ್ರ ಕೊಡಲು ಹಿಂದೆಮುಂದೆ ನೋಡುವ ಕಾರಣವಿಲ್ಲ. ಫಾರಂ ತುಂಬಿಕೊಡಲು ಒಂದು ಮಧ್ಯಾಹ್ನ ಕೂತರೆ "ಸಾರ್" ಅನ್ನುತ್ತಿದ್ದವರು "ತಮ್ಮಾ" ಅನ್ನತೊಡಗುತ್ತಾರೆ. ಆಮೇಲೆ ಅವನಿಗೆ ಅವರು ಕಲಿಸುವುದೂ ಬೇರೆಯೇ.

ಹುಡುಗಿಯರು ಇಂಟರ್ನ್‌ಶಿಪ್‌ಗೆ ಬಂದಾಗ ಕೆಲವು ಸೈಟುಗಳಲ್ಲಿ ಒಂದು ತಮಾಷೆ ನಡೆಯುತ್ತದೆ, ತಮಾಷೆ ಎನ್ನಲೂ ನಾಚಿಕೆ. ಮೇಡಂ ಬಂದಿದ್ದಾರೆಂದು ಅವಸರದಲ್ಲಿ ಶೌಚಾಲಯ ಏಳುತ್ತದೆ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯೇ ಅದನ್ನು ಎಲ್ಲ ಕಾರ್ಮಿಕರಿಗೂ ಕಡ್ಡಾಯ ಮಾಡಿ ದಶಕಗಳಾದವು, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಮಕ್ಕಳ ಕೂಸುಮನೆಯೂ ಇರಬೇಕೆಂದು ಆ ಕಾಯ್ದೆ ಹೇಳಿತ್ತು. ಆ ಶೌಚಾಲಯಕ್ಕೆ ಬೀಗ ಹಾಕಿಸದೆ ಜಲ್ಲಿ ಹೊರುವ ಅಕ್ಕಂದಿರಿಗೂ ತೆರೆದಿಡುವಂತೆ ಹೇಳಿದ ವಿದ್ಯಾರ್ಥಿನಿ ಅದನ್ನು ತನ್ನ ವರದಿಯಲ್ಲಿ ಬರೆಯದಿದ್ದರೂ ಸೈಟಿಗೆ ಅವಳ ಕೊಡುಗೆ ಸಣ್ಣದಲ್ಲ.

ಕೊಡುವುದು ಬರಿ ವಿದ್ಯಾರ್ಥಿಯ ಪಾಲಲ್ಲ. ಹೆಲ್ಮೆಟ್ ಜೊತೆಗೆ ಗಟ್ಟಿ ಬೂಟು, ಎತ್ತರಕ್ಕೆ ಹತ್ತಿಸುವುದಾದರೆ ಬೆಲ್ಟು, ಬಸ್ಸು-ಊಟಕ್ಕಾದರೂ ಆಗುವಷ್ಟು ಭತ್ಯೆ ಸಂಸ್ಥೆಯ ಪಾಲು. ದಿನಕ್ಕೆ ಹತ್ತು ನಿಮಿಷ ಅವನ ಪುಸ್ತಕ ನೋಡುವ ಒಬ್ಬ ಎಂಜಿನಿಯರ್ ಇದಕ್ಕಿಂತಲೂ ಮುಖ್ಯ. ಪುಸ್ತಕ ನೋಡುವವರಿಲ್ಲ ಎಂದು ಗೊತ್ತಾದ ದಿನ ಬರೆಯುವವನು ಊಹಿಸಿ ಬರೆಯಲು ಶುರು ಮಾಡುತ್ತಾನೆ. ಊಹಿಸಿ ಬರೆದ ರಿಜಿಸ್ಟರು ಇರುವುದಕ್ಕಿಂತ ಇಲ್ಲದಿರುವುದೇ ವಾಸಿ.

ಕಾಲೇಜಿಗೆ ಒಪ್ಪಿಸುವ ವರದಿಯ ವಿಷಯ ಇನ್ನು ಉಳಿದದ್ದು. ಈಗ ಬರುವ ಬಹುಪಾಲು ವರದಿಗಳಲ್ಲಿ ಮೊದಲ ಹದಿನೈದು ಪುಟ ಕಂಪನಿಯ ಚರಿತ್ರೆ, ಆಮೇಲೆ ಸಿಮೆಂಟ್ ಎಂದರೇನು ಎಂಬ ಪಾಠ, ಕೊನೆಗೆ ಹೆಲ್ಮೆಟ್ ಹಾಕಿಕೊಂಡ ಫೋಟೊ. ಮೌಖಿಕ ಪರೀಕ್ಷೆಗೆ ಕೂರುವ ಮೇಷ್ಟ್ರುಗಳು ಇವನ್ನೆಲ್ಲ ಪಕ್ಕಕ್ಕಿಟ್ಟು, ನೀನೇ ಬರೆದ ಒಂದು ಪುಟ ತೋರಿಸು ಅನ್ನಬೇಕು. ಒಂದು ದಿನದ ಗಾಡಿಗಳ ಸಮಯ, ಒಂದು ಕಾಲಂನ ರಿಂಗಿನ ಅಳತೆ, ಕ್ಯೂಬ್ ರಿಜಿಸ್ಟರಿನ ಒಂದು ಹಾಳೆ, ಅದರಲ್ಲಿ ಲೆಕ್ಕಕ್ಕೂ ವಾಸ್ತವಕ್ಕೂ ಹೊಂದದ ಒಂದು ಅಂಕಿ, ಅದಕ್ಕೆ ಅವನು ಕೊಡುವ ಕಾರಣ. ಸಂಸ್ಥೆ ಒಪ್ಪಿದ್ದನ್ನಷ್ಟೇ ಹೊರಗೆ ತರಬೇಕು ಎನ್ನುವುದೂ ಅವನಿಗೆ ತಿಳಿದಿರಬೇಕು.

ಮೂಲ ಪುಸ್ತಕ ಸೈಟಿನಲ್ಲೇ ಉಳಿಯುವುದು. ಕೊನೆಯ ವಾರ ಹಾಕಿದ ಮೋಲ್ಡಿನ ಕ್ಯೂಬ್‌ಗಳು 28 ದಿನ ತುಂಬುವ ಹೊತ್ತಿಗೆ ಹುಡುಗ ಕಾಲೇಜಿಗೆ ಮರಳಿರುತ್ತಾನೆ. ಹೊರಡುವ ಮುನ್ನ ಕ್ಯೂಬ್ ರಿಜಿಸ್ಟರಿನಲ್ಲಿ ಫಲಿತಾಂಶಕ್ಕೆಂದು ಬಿಟ್ಟ ಖಾಲಿ ಜಾಗದ ಎದುರು ಒಡೆಯಬೇಕಾದ ತಾರೀಖನ್ನೂ, ಪ್ರಯೋಗಾಲಯಕ್ಕೆ ಒಯ್ಯಬೇಕಾದವರ ಹೆಸರನ್ನೂ ಬರೆದು, ಅವರನ್ನು ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ ಯಾವ ಕ್ಯೂಬ್ ಯಾವುದೆಂದು ತೋರಿಸಿ, ಫಲಿತಾಂಶ ಬಂದಾಗ ತನಗೂ ಒಂದು ಫೋನ್ ಮಾಡುವಂತೆ ಹೇಳಿ ಹೋಗಬೇಕು.